ಊರಿಗೆ ಹೋಗುವ ಭಟ್ಟರು

ಮುಂಬಯಿ ಪಕ್ಕದ ನೆರೂಳ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಅಡುಗೆಯ ಭಟ್ಟರೊಬ್ಬರಿದ್ದರು. ದೇವಸ್ಥಾನದ ನೈವೇದ್ಯದ ಅಡುಗೆಯಲ್ಲಿ ಪಳಗಿದವರಾದ್ದರಿಂದ ಕುದಿಯುವ ಸಾಂಬಾರನ್ನು ಎಂದೂ ರುಚಿ ನೋಡುತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ಹಬೆಯನ್ನು ಅಂಗೈಯಿಂದ ಮೂಗಿನತ್ತ ಬೀಸಿಕೊಂಡು, "ಉಪ್ಪು ಕಮ್ಮಿ" ಎನ್ನುವರು. ಹೋಟೆಲಿನ ಅಟ್ಟದಲ್ಲೇ ಅವರ ಚಾಪೆ. ಒಂದು ರೂಮು ಮಾಡಿ, ಹೆಂಡತಿಯನ್ನು ಕರೆಸಿಕೊಳ್ಳಿ ಎಂದು ಯಾರು ಹೇಳಿದರೂ ಒಂದೇ ಉತ್ತರ: "ನಮ್ದೆಂತ ಮಾರಾಯ್ರೆ, ಇವತ್ತಲ್ಲ ನಾಳೆ ಊರಿಗೆ ಹೋಗುವವರು."

ತನ್ನೂರಿನಲ್ಲಿ ಕೆಲಸವಿಲ್ಲವೆಂದು ಒಡಿಶಾದಿಂದ ಬಂದ ಒಬ್ಬನಿಗೆ ಭಟ್ಟರೇ ಅಡುಗೆ ಕಲಿಸಿದ್ದರು. ಕೈ ಕುದುರಿದ ಮೇಲೆ ಅವನು ಬೇರೆ ಕೆಲಸ ಹಿಡಿದು ಹೊರಟುಹೋದ. ಎಲ್ಲಿಗೆಂದು ಇವರು ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಭಟ್ಟರು ತಂಗಿಯ ಮಗಳ ಮದುವೆಗೆಂದು ಉಡುಪಿಯ ಕಡೆಯ ತಮ್ಮೂರಿಗೆ ಹೋಗಿ ಬಂದರು. ಬಂದ ಮರುದಿನ, ನಾನು ಚಹಾ ಕುಡಿಯುತ್ತಿದ್ದಾಗ ಎದುರಿಗೆ ಬಂದು ಕೂತರು. ಗಿರಾಕಿಯ ಎದುರು ಹಾಗೆ ಕೂರುವವರೇ ಅಲ್ಲ.

"ನಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿದ್ದೆ. ಸಾಂಬಾರು ಬಾಯಿಗಿಟ್ಟರೆ ನನ್ನದೇ! ಅಡುಗೆಕೋಣೆಗೆ ಇಣುಕಿ ನೋಡ್ತೇನೆ, ಒಬ್ಬ ಎಡಗಣ್ಣು ಮುಚ್ಚಿ ಹಬೆ ಮೂಸ್ತಾ ಇದ್ದಾನೆ. ನಮ್ಮ ಒಡಿಶಾದವನೇ ಮಾರಾಯ್ರೆ! ಹೆಂಡತಿ ಮಕ್ಕಳೂ ಅಲ್ಲೇ. ಮಕ್ಕಳು ನಾನು ಕಲಿತ ಶಾಲೆಗೇ ಹೋಗ್ತಾರಂತೆ."

"ನಿಮ್ಮನ್ನು ನೋಡಿ ಏನಂದ?"

"ಕಾಲಿಗೆ ಬಿದ್ದ. ಒತ್ತಾಯ ಮಾಡಿ ಇನ್ನೊಂದು ದೋಸೆ ತಿನ್ನಿಸಿದ." ಭಟ್ಟರು ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಎಳೆಯುತ್ತ ಕೂತರು. "ಆಮೇಲೆ ನಮ್ಮ ತುಳುವಿನಲ್ಲೇ ಕೇಳಿದ, ಮುಂಬಯಿಯವರನ್ನು ಊರವರು ಕೇಳ್ತಾರಲ್ಲ, ಹಾಗೇ. ಬಂದದ್ದು ಯಾವಾಗ, ವಾಪಸ್ ಹೋಗುವುದು ಯಾವಾಗ ಅಂತ."