ಟಿ.ವಿ. ಪರದೆಯ ಮೇಲೆ ನನ್ನ ಹೆಸರು

ನಾನು ಸೇಡಂನಲ್ಲಿ ವಿಜ್ಞಾನ ಶಿಕ್ಷಕಿ. ಮುಚ್ಚಿದ ಮನೆಯಲ್ಲಿ ಗೆಜ್ಜೆ ಸದ್ದು ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಇಲಿ ಓಡಾಡಿರಬೇಕು ಎಂದು ಸಾಗಹಾಕುತ್ತಿದ್ದೆ. ಈಗಲೂ ಹಾಗೇ ಹೇಳುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ. ಇದನ್ನು ನೀವು ನಂಬಬೇಕೆಂದೇನೂ ಇಲ್ಲ. ನನ್ನ ಒಡಹುಟ್ಟಿದ ಅಣ್ಣನೇ ನಂಬಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಸೋದರಮಾವ ಮುಂಬೈಯಿಂದ ಪುಟ್ಟ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದ. ಟಿ.ವಿ.ಗೆ ಜೋಡಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕಿರ್ರೆಂದು ಕಿರುಚಿ ಆಟ ಬರುತ್ತಿತ್ತು. ಸಾಲುಸಾಲಾಗಿ ಇಳಿಯುವ ವಿಮಾನಗಳನ್ನು ಗುಂಡು ಹೊಡೆದು ಉರುಳಿಸುವುದು. ಇದೇ ಆಟ ಶಹಾಬಾದಿನ ಅಂಗಡಿಯೊಂದರಲ್ಲಿ, ನಾಣ್ಯ ಹಾಕಿ ಆಡುವ ಆಳೆತ್ತರದ ಪೆಟ್ಟಿಗೆಯಲ್ಲಿತ್ತು. ಅಣ್ಣ ಅಲ್ಲಿಗೆ ಹೋಗುತ್ತಿದ್ದ. ಹುಡುಗಿಯರು ಹೋಗುವ ಜಾಗವಲ್ಲವೆಂದು ನನ್ನನ್ನು ಬಿಡುತ್ತಿರಲಿಲ್ಲ. ಮನೆಯ ಆಟದಲ್ಲಿ ಬಣ್ಣ ಕಡಿಮೆ, ವಿಮಾನಗಳು ಅಂಚು ಮುರಿದ ಚೌಕಗಳಂತಿದ್ದವು. ನನಗೆ ಅಷ್ಟೇ ಸಾಕಿತ್ತು.

ಒಂದು ಮಧ್ಯಾಹ್ನ ನಲವತ್ತೊಂದು ಸಾವಿರದ ಇನ್ನೂರು ಅಂಕ ಗಳಿಸಿದೆ. ಅಣ್ಣ ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಉಮಾ ಎಂದು ಬರೆದು ಅವ್ವನನ್ನು ಕೂಗಿದೆ. ಅವ್ವ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಣ್ಣ ಬಂದು ಸ್ವಿಚ್ ಆರಿಸಿಬಿಟ್ಟ. ಅವನು ಪರದೆ ನೋಡಿದ್ದ. ನೋಡಿದ್ದನ್ನು ನಾನು ಕಂಡಿದ್ದೆ.

"ಆಕಿ ಸುಳ್ಳ ಹೇಳ್ಲಿಕತ್ತಾಳ ಅವ್ವಾ. ಹತ್ತು ಸಾವಿರ ಸೈತ ಆಗಿಲ್ಲ," ಎಂದ. ಅವ್ವ ನಕ್ಕು ಒಳಗೆ ಹೋದಳು.

ಸ್ವಿಚ್ ಆರಿಸಿದರೆ ಆ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ, ಕ್ಯಾಸೆಟ್ಟಿನಲ್ಲೂ ಅಂಕ ಉಳಿಯುವುದಿಲ್ಲ. ಮನೆಯವರು ಮಾತ್ರ ಮರೆಯಲಿಲ್ಲ. ಸುಳ್ಳಿಗೆ ನಮ್ಮಲ್ಲಿ 'ಉಮಾನ ನಲವತ್ತೊಂದು ಸಾವಿರ' ಎಂದೇ ಹೆಸರಾಯಿತು. ನನ್ನ ಮದುವೆಯಲ್ಲೂ ಅಣ್ಣ ಅದನ್ನು ಬೀಗರ ಮುಂದೆ ಹೇಳಿ ನಗಿಸಿದ.

ಆ ಆಟ ಆಡಿದ ಹನ್ನೆರಡು ವರ್ಷಗಳ ನಂತರ, ಒಂದು ಭಾನುವಾರ, ಶಹಾಬಾದಿನ ಅವನ ಮನೆಗೆ ಹೋಗಿದ್ದೆ. ಅವ್ವನೂ ಅಲ್ಲೇ ಇದ್ದಳು. ಅಟ್ಟದಿಂದ ಆ ಕಂಪ್ಯೂಟರನ್ನು ಇಳಿಸಿದವನು ಅವನು. ತಂತಿ ಜೋಡಿಸಿದವನೂ, ಕ್ಯಾಸೆಟ್ ಹಾಕಿದವನೂ ಅವನೇ. "ಬಾ, ಇವತ್ತರ ಖರೇ ನಲವತ್ತೊಂದು ಸಾವಿರ ಮಾಡಿ ತೋರಸು," ಎಂದ. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಕಿರುಚಾಟ ನಿಂತು ಅಂಕಗಳ ಪಟ್ಟಿ ಬಂತು. ಆಡುವ ಮುಂಚೆ ಅದರಲ್ಲಿ ಬರೀ ಸೊನ್ನೆಗಳಿರಬೇಕು. ಮೊದಲ ಸಾಲಿನಲ್ಲಿ ನನ್ನ ಹೆಸರಿತ್ತು. ಎದುರಿಗೆ ನಲವತ್ತೊಂದು ಸಾವಿರದ ಇನ್ನೂರು.

ಅಣ್ಣ ನನ್ನ ಕಡೆ ತಿರುಗಿದ. "ಏನ್ ಮಾಡಿದಿ ಇದಕ್ಕ?"

"ನಾ ಮುಟ್ಟೇ ಇಲ್ಲ. ನಿನ್ನ ಅಟ್ಟದಾಗ ಇತ್ತಲ್ಲ."

"ಸುಳ್ಳ ಹೇಳಬ್ಯಾಡ. ಸೈನ್ಸ್ ಓದಿದಾಕಿ, ಏನೋ ಮಾಡಿದಿ."

ಲೋಟ ಕುಕ್ಕಿದ ರಭಸಕ್ಕೆ ಚಹಾ ಕೈಮೇಲೆ ಚೆಲ್ಲಿತು. "ಅವತ್ತ ನೀ ನೋಡಿದ್ದಿಲ್ಲೇನು? ಅವ್ವನ ಮುಂದ ಹೇಳು," ಎಂದೆ. ಅವನು ಕ್ಯಾಸೆಟ್ ಹೊರತೆಗೆದು ತಿರುಗಿಸಿ ನೋಡತೊಡಗಿದ. ಅವ್ವ ಕಣ್ಣು ಕಿರಿದು ಮಾಡಿ ಅಂಕೆಗಳನ್ನು ಓದಿದಳು. "ಏನರ ಮಾಡಿರಬೇಕು ಬಿಡು. ಭಾಳ ಶಾಣ್ಯಾ ಅದಾಳ ಆಕಿ," ಎಂದು ಅವನಿಗೇ ಸಮಾಧಾನ ಹೇಳಿದಳು.

ಆರಿಸಿ ಮತ್ತೆ ಐದು ಸಲ ಕ್ಯಾಸೆಟ್ ಹಾಕಿದೆವು. ಐದೂ ಸಲ ಸೊನ್ನೆಗಳೇ. ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರನ್ನು ಕೇಳಿದರೆ "ಆಗೂದೇ ಇಲ್ರಿ ಮೇಡಂ," ಎಂದರು. ಆಗುವುದಿಲ್ಲವೆಂದು ನನಗೂ ಗೊತ್ತು. ಆದದ್ದನ್ನು ಮೂವರು ಹಾಡಹಗಲಲ್ಲಿ ನೋಡಿದ್ದೇವೆ.

ಅಣ್ಣನ ಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅವನು ಕೇಳುವುದು ಒಂದೇ, ಅದನ್ನು ಹೇಗೆ ಮಾಡಿದಿ ಎಂದು. ನನಗೂ ಗೊತ್ತಿಲ್ಲ ಎನ್ನುತ್ತೇನೆ. ಅದೂ ಅವನಿಗೆ ಸುಳ್ಳೆಂದೇ ಕೇಳಿಸುತ್ತದೆ.