ಇನ್ನೂರ ನಲವತ್ತು ಜೊತೆ ಕಣ್ಣು

ಬೆಳಗಿನ ಏಳೂಕಾಲು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಂಗಡಿಗಳ ಶಟರು ಒಂದೊಂದಾಗಿ ಮೇಲೇಳುತ್ತಿವೆ. ಎರಡನೇ ಮಹಡಿಯಲ್ಲಿ, ಪೂರ್ವದ ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮುಂದೆ, ಉಮ್ಮೆ ಕುಲ್ಸುಂ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಡಗೈಯಲ್ಲಿ ಸೋಡಾ ಬಾಟಲಿಯ ಮುಚ್ಚಳ, ಅದಕ್ಕೆ ಅಂಟಿಸಿದ ಒಬ್ಬ ಸಿಪಾಯಿ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರದವನು. ಬಲಗೈಯಲ್ಲಿ ಸೂಜಿ, ಸೂಜಿಯ ತುದಿಯಲ್ಲಿ ಕಪ್ಪು ಬಣ್ಣದ ಒಂದು ಕಣ. ಅದು ಸಿಪಾಯಿಯ ಕಣ್ಣಿನ ಬಿಳಿಯ ನಟ್ಟನಡುವೆ ತಾಗಬೇಕು. ಸರಿಯಾಗಿ ಆ ಹೊತ್ತಿಗೇ ಕೆಳಗೆ ಗೂಡ್ಸ್ ಆಟೊ ಒಂದು ಕಿರುಚುತ್ತಾ ಹಿಂದಕ್ಕೆ ಬರುತ್ತದೆ. ಸಿಪಾಯಿಗೆ ಮೆಳ್ಳಗಣ್ಣು.

ಕುಲ್ಸುಂ ಆಟೊದವನನ್ನು ದಖನಿ ಉರ್ದುವಿನಲ್ಲಿ ಬೈದು, ಕಣ್ಣು ಒರೆಸಿ, ಮತ್ತೆ ಬಿಳಿ ಹಚ್ಚುತ್ತಾರೆ. ಮತ್ತೆ ಸೂಜಿ. ಈ ಸಲ ಎರಡೂ ಕಣ್ಣು ಒಂದೇ ಕಡೆ ನೋಡುತ್ತವೆ. “ನೂರ ಎಂಬತ್ತೇಳು,” ಎಂದು ಉಸಿರು ಬಿಡುತ್ತಾರೆ. ಇದು ಹನ್ನೊಂದನೇ ಬೆಳಗು. ಇನ್ನು ಐವತ್ಮೂರು ಜನ ಉಳಿದಿದ್ದಾರೆ. ಕಿಟಕಿಯ ಕಟ್ಟೆಯ ಮೇಲೆ ಕೆಂಪು ಕೋಟಿನ ಅಧಿಕಾರಿಯೊಬ್ಬ ಕುದುರೆ ಏರಿ ಕಾಯುತ್ತಿದ್ದಾನೆ. ಅವನ ಕೋಟಿನ ಗುಂಡಿಗಳು ಬಂಗಾರದಂತೆ ಹೊಳೆಯುತ್ತಿವೆ, ಆದರೆ ಕಣ್ಣು ಮಾತ್ರ ಮುಚ್ಚಿವೆ.

ಇವು ಮಕ್ಕಳಾಟದ ಗೊಂಬೆಗಳಲ್ಲ. ಇಂದಿರಾನಗರ, ಕಗ್ಗದಾಸಪುರ, ಹೊರಮಾವಿನ ಕಡೆ ವಾರವಿಡೀ ಲ್ಯಾಪ್‌ಟಾಪಿನ ಮುಂದೆ ಕೂರುವ ಕೆಲವರಿಗೆ ಭಾನುವಾರ ಬಂತೆಂದರೆ ಯುದ್ಧದ ಹುಚ್ಚು. ಊಟದ ಮೇಜಿನ ಮೇಲೆ ಕೋಟೆ, ಕಂದಕ ಕೂರಿಸಿ, ಎರಡು ದಂಡು ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಹಳೆಯ ಯುದ್ಧಗಳನ್ನು ಮತ್ತೆ ಹೋರಾಡುತ್ತಾರೆ. ಸಿಪಾಯಿಗಳು ಬೂದು ಪ್ಲಾಸ್ಟಿಕ್ಕಿನಲ್ಲಿ ಡಬ್ಬಿಗಟ್ಟಲೆ ಬರುತ್ತಾರೆ, ಕೊಂಡವರೇ ಬಣ್ಣ ಹಚ್ಚಿಕೊಳ್ಳಬೇಕು. ಕೊಳ್ಳುವುದಕ್ಕೆ ಫೋನಿನ ಮೇಲೆ ಬೆರಳಾಡಿಸಿದರೆ ಸಾಕು. ಹಚ್ಚುವುದಕ್ಕೆ ಕತ್ತು, ಕಣ್ಣು, ಸೊಂಟ ಎಲ್ಲ ಬೇಕು. ಹಾಗಾಗಿ ಡಬ್ಬಿಗಳು ಮನೆ ಸೇರುತ್ತವೆ, ಅಟ್ಟ ಸೇರುತ್ತವೆ, ಹಾಗೇ ಉಳಿಯುತ್ತವೆ.

ಈ ಬಳಗದ ಮುಂದಾಳು ಪ್ರಭುಲಿಂಗ, ಗದಗದ ಕಡೆಯವರು. ಅವರ ಇಂದಿರಾನಗರದ ಫ್ಲ್ಯಾಟಿನಲ್ಲಿ ಒಂದು ಕೋಣೆ ನೆಲದಿಂದ ಸೂರಿನವರೆಗೆ ಇಂಥ ಡಬ್ಬಿಗಳದ್ದೇ. ನಾಲ್ಕು ವರ್ಷದ ಹಿಂದೆ ಕುಲ್ಸುಂ ಮೊದಲ ಬಾರಿ ಎಣಿಸಿದಾಗ ಬಣ್ಣ ಕಾಣದ ಸಿಪಾಯಿಗಳು ಒಂಬೈನೂರು ಇದ್ದರು. ಅಂದಿನಿಂದ ಅವರು ವರ್ಷಕ್ಕೆ ಸಾವಿರದ ಮೇಲೆ ಮುಗಿಸಿ ಕೊಡುತ್ತಿದ್ದಾರೆ. ಇವತ್ತು ಬಾಕಿ ಇರುವವರು ಸಾವಿರದ ಎಂಟುನೂರು. ಇವರು ನಾಲ್ಕು ಡಬ್ಬಿ ಮುಗಿಸುವಷ್ಟರಲ್ಲಿ ಆ ಮಹಾಶಯರು ಐದು ತರಿಸಿರುತ್ತಾರೆ. ಆ ರಾಶಿಯ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ನಗುವುದು ಬಳಗದಲ್ಲಿ ಒಂದು ಶೋಕಿ. ಫೋಟೊದ ಕೆಳಗೆ “ನಮ್ಮ ಪೇಂಟರ್ ಪಾಡು ನೋಡಿ” ಎಂದು ಬರೆದಿರುತ್ತದೆ. ಪೇಂಟರಿಗೆ ಒಂದು ಹೆಸರಿದೆ ಎಂಬುದು ಯಾರಿಗೂ ಹೊಳೆದಿಲ್ಲ.

ಕುಲ್ಸುಂ ಅವರಿಗೆ ನಲವತ್ತನಾಲ್ಕು. ಕತ್ತು ಬಲಕ್ಕೆ ಪೂರ್ತಿ ತಿರುಗುವುದಿಲ್ಲ. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, ಚಹಾ ಕುಡಿದರೂ ಬಣ್ಣದ ರುಚಿ. ಸೈನಿಕರ ಸಮವಸ್ತ್ರ ಮಾತ್ರ ಅವರಿಗೆ ಹೊಸದಲ್ಲ. ಅವರ ತಂದೆ ಅಕ್ತರ್ ಸಾಹೇಬರು ನಲವತ್ತು ವರ್ಷ ದಂಡಿನ ಅಧಿಕಾರಿಗಳ ಟೋಪಿಗೆ, ಭುಜಕ್ಕೆ ಜರಿ ತಂತಿಯಲ್ಲಿ ಬ್ಯಾಡ್ಜು ಕಸೂತಿ ಮಾಡಿದವರು. ಮಗಳು ಹನ್ನೊಂದನೇ ವಯಸ್ಸಿಗೆ ಅವರ ಪಕ್ಕ ಕೂತು ಸೂಜಿ ಹಿಡಿದರು. ಕಸೂತಿಗೆ ಕಂಪ್ಯೂಟರ್ ಮಶೀನು ಬಂದ ಮೇಲೆ ಅವರ ಕಾರ್ಖಾನೆ ಮುಚ್ಚಿತು. ಆಮೇಲೊಂದು ದಿನ ಪ್ರಭುಲಿಂಗ ಉಗುರಗಲದ ಬಾವುಟವೊಂದನ್ನು ಹೊಲಿಸಲು ಹುಡುಕಿಕೊಂಡು ಬಂದರು. ಹೊಲಿದ ಕೈ ನೋಡಿ, ಬಣ್ಣ ಹಚ್ಚಲು ಬರುತ್ತದೆಯೇ ಎಂದು ಕೇಳಿದರು.

ಬಣ್ಣ ಹಚ್ಚಲು ಬರುತ್ತಿತ್ತು. ತೊಡಕಾದದ್ದು ಕಣ್ಣು. ಅಕ್ತರ್ ಸಾಹೇಬರ ನಂಬಿಕೆಯಲ್ಲಿ ಜೀವವಿರುವುದರ ರೂಪಕ್ಕೆ ಕಣ್ಣಿಡುವುದು ಮನುಷ್ಯನ ಕೆಲಸವಲ್ಲ. ಬ್ಯಾಡ್ಜಿನಲ್ಲಿ ಹುಲಿಯೋ ಗರುಡನೋ ಬಂದಾಗ ಕಣ್ಣಿನ ಒಂದು ಹೊಲಿಗೆಯನ್ನು ಮಾತ್ರ ಪಕ್ಕದಲ್ಲಿ ಕೂರುತ್ತಿದ್ದ ಹಲಸೂರಿನ ಕಸುಬುದಾರನಿಗೆ ಬಿಡುತ್ತಿದ್ದರು. ಮಗಳೂ ಮೊದಲಿಗೆ ಪ್ರಭುಲಿಂಗರ ಬಳಿ ಹಾಗೇ ಕೇಳಿಕೊಂಡರು, ಕಣ್ಣೊಂದು ಬಿಟ್ಟು ಎಲ್ಲ ಮಾಡಿಕೊಡುತ್ತೇನೆ ಎಂದು. ಕಣ್ಣಿಲ್ಲದ ಗೊಂಬೆ ಮುಗಿದ ಗೊಂಬೆಯೇ ಅಲ್ಲ ಎಂದು ಅವರು ಪಟ್ಟು ಹಿಡಿದರು. ಮನೆ ನಡೆಯಬೇಕಿತ್ತು. ಕುಲ್ಸುಂ ಕಣ್ಣು ಬಿಡಿಸಿದರು. ಅಬ್ಬಾ ಹನ್ನೊಂದು ದಿನ ಮಾತು ಬಿಟ್ಟರು, ನಮಾಜಿನ ಚಾಪೆಯನ್ನು ಒಳಕೋಣೆಗೆ ಒಯ್ದರು. ಇಂದಿಗೂ ಅವರು ಗೊಂಬೆಗಳ ಮುಖ ನೋಡುವುದಿಲ್ಲ. ಬೂಟು, ಬೆಲ್ಟು ನೋಡಿ ತಪ್ಪು ಹೇಳುತ್ತಾರೆ.

ಇಷ್ಟೆಲ್ಲ ನುಂಗಿಕೊಂಡ ಹೆಂಗಸಿನ ಫೋನಿಗೆ ಕಳೆದ ತಿಂಗಳು ಒಂದು ಪಟ್ಟಿ ಬಂತು. ಬಳಗದವರು ಇನ್ನಾರು ದಿನಕ್ಕೆ ದೊಡ್ಡ ಆಟ ಇಟ್ಟುಕೊಂಡಿದ್ದರು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಕೆಂಪು ಕೋಟಿನ ಇಂಗ್ಲಿಷರು ಹಲಸೂರು ಗೇಟಿನ ಮೇಲೆ ಏರಿ ಬಂದು ಪೇಟೆ ಗೆದ್ದ ಯುದ್ಧ. ಗೇಟಿದ್ದ ಜಾಗ ಕುಲ್ಸುಂ ಮನೆಯಿಂದ ನಾಲ್ಕು ಕಿಲೋಮೀಟರೂ ಇಲ್ಲ. ಇಂಗ್ಲಿಷರು ಇನ್ನೂರ ಅರವತ್ತು ಮಂದಿ ಆಗಲೇ ಗುಂಡಿ, ಮೀಸೆ, ಕಣ್ಣು ಸಮೇತ ತಯಾರಾಗಿ ಆ ಮನೆಯಲ್ಲೇ ಇದ್ದರು. ಗೇಟು ಕಾಯುವ ಮೈಸೂರಿನ ಸಿಪಾಯಿಗಳು ಇನ್ನೂರ ನಲವತ್ತು. ಅವರಿಗೆ ಪಟ್ಟಿಯಲ್ಲಿ ಬರೆದದ್ದು ಒಂದೇ ಸಾಲು: ಮೂರು ಬಣ್ಣ ಸಾಕು, ಅಂಗಿಗೆ ಹುಲಿಪಟ್ಟೆ ಬೇಡ, ಕಣ್ಣು ಬೇಡ.

ಕುಲ್ಸುಂ ಫೋನ್ ಮಾಡಿದರು. ಹೊತ್ತಿಲ್ಲ, ಬಾಕಿ ಬೆಟ್ಟದಷ್ಟಿದೆ ಎಂದು ಪ್ರಭುಲಿಂಗ ಸಮಾಧಾನದಿಂದಲೇ ವಿವರಿಸಿದರು. ಕೆಟ್ಟ ಮನುಷ್ಯನಲ್ಲ. ಕೆಟ್ಟವರಾಗಿದ್ದರೆ ಈ ಮಾತಿಗೆ ಇಷ್ಟು ಮೈ ಉರಿಯುತ್ತಿರಲಿಲ್ಲ.

“ಮೂರು ಫೂಟ್ ದೂರದಿಂದ ಕಣ್ಣು ಯಾರಿಗೆ ಕಾಣ್ತಾವ್ರೀ ಮೇಡಂ? ಹೆಂಗೂ ಮೊದಲ್ನೇ ತಾಸಿನ್ಯಾಗ ಸಾಯೋ ಮಂದಿ ಅವ್ರು.”

“ನಿಮಗೆ ಕಾಣ್ಲಿ ಅಂತ ಅಲ್ಲ ಸರ್,” ಎಂದರು ಕುಲ್ಸುಂ. “ಅವ್ರಿಗೆ ಕಾಣ್ಬೇಕು, ಯಾರು ಹೊಡೀತಿದಾರೆ ಅಂತ.”

ಪ್ರಭುಲಿಂಗ ನಕ್ಕು ಫೋನಿಟ್ಟರು. ಕುಲ್ಸುಂಗೆ ನಗು ಬರಲಿಲ್ಲ. ಅಬ್ಬಾನ ಮಾತು ಮೀರಿ, ಮನೆಯಲ್ಲಿ ಹನ್ನೊಂದು ದಿನದ ಮೌನ ಸಹಿಸಿ ಬಿಡಿಸಿದ ಕಣ್ಣು ಯಾರ ಪಾಲಿಗೆ ಹೋಯಿತು? ಊರು ಸುಡಲು ಬಂದವರ ಪಾಲಿಗೆ. ಬಾಗಿಲಿಗೆ ಅಡ್ಡ ನಿಂತವರು ಕುರುಡರಾಗಿ ಸಾಯಬೇಕಂತೆ. ಆ ಪಟ್ಟಿ ಬರೆದವರು ಇಂಗ್ಲಿಷರೂ ಅಲ್ಲ, ಇಂದಿರಾನಗರದಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವೆಂದು ಗೊಣಗುವ ನಮ್ಮವರೇ. ಸಿಟ್ಟು ಬರದೆ ಇನ್ನೇನು ಬಂದೀತು?

ಅವತ್ತು ಮಧ್ಯಾಹ್ನ ಪಾತ್ರೆಗಳ ಸದ್ದು ಜೋರಾಗಿತ್ತು. ಏನಾಯಿತೆಂದು ಅಕ್ತರ್ ಸಾಹೇಬರು ಕೇಳಿದರು, ಮಗಳು ಹೇಳಿದರು. ಮುದುಕರು ಎಣಿಸುತ್ತಿದ್ದ ತಸ್ಬಿಯ ಮಣಿಸರವನ್ನು ಪಕ್ಕಕ್ಕಿಟ್ಟರು. ದಖನಿಯಲ್ಲಿ ಅವರು ಹೇಳಿದ್ದು ಇಷ್ಟು: “ಇಟ್ಟರೆ ಎಲ್ಲರಿಗೂ ಇಡು. ಇಲ್ಲ ಅಂದ್ರೆ ಇಟ್ಟವರಿಂದ ತೆಗೆ. ಅರ್ಧ ದಂಡಿಗೆ ಮಾಡಿದ್ದು ಕೆಲಸ ಅಲ್ಲ.” ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಕಾರ್ಖಾನೆಯ ಕಾಲದ ಸೂಜಿ ಡಬ್ಬಿ ತಂದು, ಎಲ್ಲಕ್ಕಿಂತ ಸಣ್ಣ ಸೂಜಿಯನ್ನು ಮೇಜಿನ ಮೇಲಿಟ್ಟರು. ಮುಖ ಮಾತ್ರ ಗೊಂಬೆಗಳಿಂದ ಆಚೆಗೇ ತಿರುಗಿತ್ತು.

ಕುಲ್ಸುಂ ಕೂತು ಲೆಕ್ಕ ಹಾಕಿದರು. ಒಂದು ಜೊತೆ ಕಣ್ಣಿಗೆ ಆರೇಳು ನಿಮಿಷ. ಟ್ಯೂಬ್‌ಲೈಟಿನಲ್ಲಿ ಆ ಕೆಲಸ ಆಗುವುದಿಲ್ಲ, ಬೆಳಗಿನ ಬಿಸಿಲೇ ಬೇಕು. ಎದುರಿನ ಕಟ್ಟಡ ಬಿಸಿಲು ನುಂಗುವ ಮೊದಲು ಸಿಗುವುದು ಎರಡು ತಾಸು, ಎರಡು ತಾಸಿಗೆ ಹದಿನೆಂಟು ಜನ. ಆರು ದಿನದಲ್ಲಿ ಇನ್ನೂರ ನಲವತ್ತು ಕನಸಿನ ಮಾತು. ಆದರೆ ಇಟ್ಟ ಕಣ್ಣು ಮುಚ್ಚಲು ಎಷ್ಟು ಹೊತ್ತು? ಮೈಬಣ್ಣದ ಎರಡು ಚುಕ್ಕೆ, ಅರ್ಧ ನಿಮಿಷ. ಕುದುರೆಯ ಮೇಲಿನ ಅಧಿಕಾರಿಯನ್ನು ಎತ್ತಿಕೊಂಡರು. ಅವನ ಕಣ್ಣು ಮುಚ್ಚಿದರು. ಫೋಟೊ ಹೊಡೆದು ಪ್ರಭುಲಿಂಗರಿಗೆ ಕಳಿಸಿದರು. ಕೆಳಗೆ ಬರೆದದ್ದು: ಮೂರು ವಾರ ಕೊಡಿ, ಎಲ್ಲರಿಗೂ ಕಣ್ಣಿಡುತ್ತೇನೆ. ಇಲ್ಲವೆಂದರೆ ಶುಕ್ರವಾರ ಎರಡೂ ದಂಡು ಕಣ್ಣು ಮುಚ್ಚಿಕೊಂಡೇ ಬರುತ್ತವೆ.

ಮಾರನೇ ದಿನ ಪ್ರಭುಲಿಂಗ ಖುದ್ದು ಬಂದರು. ಹೈದರಾಬಾದಿನಿಂದ, ಪುಣೆಯಿಂದ ಆಟಗಾರರು ರೈಲು ಟಿಕೆಟ್ಟು ಮಾಡಿಸಿಯಾಗಿದೆ ಎಂದರು. ಹೊರಮಾವಿನಲ್ಲಿ ಒಬ್ಬನಿದ್ದಾನೆ, ಬಣ್ಣದಲ್ಲಿ ಅದ್ದಿ ತೆಗೆದು ನೂರು ಗೊಂಬೆ ದಿನಕ್ಕೆ ಕೊಡುತ್ತಾನೆ, ಎಲ್ಲ ಅವನಿಗೇ ಕೊಡಬೇಕಾದೀತು ಎಂದೂ ಸೇರಿಸಿದರು. ಅದು ಪೊಳ್ಳು ಬೆದರಿಕೆಯಲ್ಲ. ಕುಲ್ಸುಂ ಕೆಲಸದಲ್ಲಿ ಮುಕ್ಕಾಲು ಪಾಲು ಈ ಒಬ್ಬರದ್ದೇ, ಅದು ಹೋದರೆ ಮನೆಗೆ ಬೇರೆ ದಾರಿಯಿಲ್ಲ. ಆದರೂ ಅವರು ಬ್ರಷ್ಷನ್ನು ಮೈಬಣ್ಣದಲ್ಲಿ ಅದ್ದಿ, ಎರಡನೇ ಕೆಂಪು ಕೋಟಿನವನನ್ನು ಎತ್ತಿಕೊಂಡರು.

“ಕೊಡಿ ಸರ್, ಅವ್ರಿಗೇ ಕೊಡಿ. ಈ ಕಣ್ಣು ನಂದು. ಇವನ್ನ ವಾಪಸ್ ತಗೊಂಡೇ ಗೊಂಬೆ ಕೊಡ್ತೀನಿ.”

ಪ್ರಭುಲಿಂಗ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದ ಆ ಅಧಿಕಾರಿಯನ್ನು ನೋಡಿದರು. ಮೈಸೂರಿನ ಸಿಪಾಯಿಯೊಬ್ಬನನ್ನು ಎತ್ತಿ, ಅವನ ಖಾಲಿ ಮುಖವನ್ನೂ ನೋಡಿದರು. ಬಹುಶಃ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಮೂರು ವಾರ ಎಂದರು. ಟಿಕೆಟ್ಟು ರದ್ದು ಮಾಡಿಸಬೇಕಾದವರ ಬೈಗುಳ ತಾನೇ ತಿನ್ನುತ್ತೇನೆ ಎಂದರು. ಹೊರಡುವಾಗ, ಆಫರಿನಲ್ಲಿ ಸಿಕ್ಕಿತೆಂದು ಹೇಳಿ, ಚೀಲದಿಂದ ಹೊಸದೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮೂವತ್ತು ಜನ ಕೆಂಪು ಕೋಟಿನವರು. ಆ ಡಬ್ಬಿ ಈಗ ಕುಲ್ಸುಂ ಮಂಚದ ಕೆಳಗಿದೆ, ಸೀಲು ಒಡೆದಿಲ್ಲ.

ಎಂಟೂವರೆ ಆಗುತ್ತಿದೆ. ಬಿಸಿಲು ಎದುರಿನ ಕಟ್ಟಡದ ಅಂಚು ಮುಟ್ಟಿದೆ. ಇವತ್ತಿನ ಹದಿನೆಂಟನೆಯವನು ಸೋಡಾ ಮುಚ್ಚಳದ ಮೇಲೆ ಕಣ್ಣು ಬಿಟ್ಟು ನಿಂತಿದ್ದಾನೆ. ನೇರಳೆ ಅಂಗಿಯ ಮೇಲೆ ಬಿಳಿಯ ಹುಲಿಪಟ್ಟೆ ಎದ್ದು ಕಾಣುತ್ತಿದೆ. ಅವು ಯಾರೂ ಕೇಳದೆ ಬಿಡಿಸಿದ ಪಟ್ಟೆಗಳು. ಆಟ ನೋಡಲು ಬನ್ನಿ ಎಂದು ಕುಲ್ಸುಂ ಅವರನ್ನು ಈವರೆಗೆ ಯಾರೂ ಕರೆದಿಲ್ಲ. ಕರೆದರೆ ಹೋಗುತ್ತಾರಂತೆ, ಗೇಟಿನ ಒಳಗಡೆಯ ಬದಿಗೆ ನಿಲ್ಲುತ್ತಾರಂತೆ. ಯಾರು ಗೆಲ್ಲುತ್ತಾರೆ ಎಂಬುದು ಅವರಿಗೆ ಗೊತ್ತೇ ಇದೆ.

ಕಿಟಕಿಯ ಕಟ್ಟೆಯ ಮೇಲಿನ ಅಧಿಕಾರಿಗೆ ಕಣ್ಣು ಯಾವಾಗ ಎಂದು ಕೇಳಿದರೆ, ಅವರು ಸೂಜಿ ಒರೆಸಿ ಡಬ್ಬಿಗೆ ಹಾಕುತ್ತಾ ಹೇಳುತ್ತಾರೆ: “ಕೊನೆಗೆ. ನಮ್ಮೋರು ಇನ್ನೂರ ನಲವತ್ತು ಜನಾನೂ ಮೊದ್ಲು ಅವನನ್ನ ನೋಡ್ಲಿ. ಆಮೇಲೆ ಅವನು ಇವ್ರನ್ನ ನೋಡ್ಲಿ.”