ಒಂದು ಗುಟುಕಿನ ವೀಕ್ಷಕ ವಿವರಣೆ

ಮೊನ್ನೆ ಕಟಪಾಡಿಯಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತಾ ಒಂದು ಬೊಂಡ ಕೆತ್ತಿಸಿದೆ. ನಮ್ಮ ಕಡೆ ಎಳನೀರಿಗೆ ಬೊಂಡ ಎನ್ನುತ್ತೇವೆ. ಅಂಗಡಿಯವರು ಸ್ಟ್ರಾ ಚುಚ್ಚಿ ಕೊಟ್ಟರು. ನಾನು ಅದನ್ನು ತೆಗೆದು ಬದಿಗಿಟ್ಟು, ಒಂದೇ ಗುಟುಕು ಕುಡಿದು, ಸುಮ್ಮನೆ ನಿಂತೆ.

"ಎಂತ, ಬೊಂಡ ಸರಿ ಇಲ್ವಾ?" ಎಂದು ಅವರು ಅನುಮಾನದಿಂದ ಕೇಳಿದರು.

"ಲಾಯ್ಕುಂಟು ಮಾರಾಯ್ರೆ. ನಾನು ಕುಡಿಯುವುದೇ ಹೀಗೆ."

ಹೀಗೆ ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆ. ಎಳನೀರು ಕುಡಿಯುವುದರಲ್ಲಿ ಹೆಮ್ಮೆಪಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಅದಕ್ಕೊಂದು ಕಥೆ ಇದೆ, ಹೇಳುತ್ತೇನೆ.

ಕಾಪುವಿನಲ್ಲಿ ನನ್ನದೊಂದು ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇದೆ. ಆದರೆ ಜನ ನನ್ನನ್ನು ಗುರುತಿಸುವುದು ವಾಲಿಬಾಲ್ ಪಂದ್ಯಗಳ ಕಾಮೆಂಟ್ರಿಯಿಂದ. ಆಗೆಲ್ಲ ನನಗೆ ಇನ್ನೊಂದು ಗುರುತೂ ಇತ್ತು: ನೂರ ಮೂವತ್ತೆಂಟು ಕೆಜಿ. ಸಂಘಟಕರು ನನಗಾಗಿ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಇಡುತ್ತಿದ್ದರು. ಒಂದು ಸೆಟ್ ಮುಗಿದ ಕೂಡಲೇ ನಾನು ಒಂದು ಬಾಟಲಿ ಸೋಡಾವನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ. ಅದಕ್ಕೂ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ಯಾವುದಕ್ಕೆ ಎಂದು ವಿಚಾರಿಸುವ ಅಭ್ಯಾಸ ನನಗಿರಲಿಲ್ಲ.

ಆದಿ ಉಡುಪಿಯಲ್ಲಿ ಒಂದು ಫೈನಲ್. ಕೊನೆಯ ಸೆಟ್, ಎರಡೂ ತಂಡಕ್ಕೆ ಹದಿನಾಲ್ಕು ಪಾಯಿಂಟ್. ನನ್ನ ಉಸಿರು ಕಟ್ಟಿತು. ಬಾಯಿ ತೆರೆದೇ ಇದೆ, ಮಾತಿಲ್ಲ. ಇಡೀ ಮೈದಾನ ನನ್ನ ಏದುಸಿರನ್ನು ಮೈಕಿನಲ್ಲಿ ಕೇಳಿತು. ಯಾರೋ ಬಂದು ಮೈಕನ್ನು ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಆ ಪಂದ್ಯವನ್ನು ಯಾರು ಗೆದ್ದರೆಂದು ಇವತ್ತಿಗೂ ನನಗೆ ತಿಳಿಯದು. ನಾಲ್ಕು ತಿಂಗಳ ಬಳಿಕ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ತೂಕ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆ ಮಾಡಿ ನನ್ನ ಜಠರವನ್ನು ಒಂದು ಬಾಳೆಹಣ್ಣಿನ ಗಾತ್ರಕ್ಕೆ ಇಳಿಸಿದರು.

ಮನೆಗೆ ಕಳಿಸುವ ದಿನ ಸಿಸ್ಟರ್ ಎಲ್ಲ ಬಿಡಿಸಿ ಹೇಳಿದ್ದರು. ಸದ್ಯಕ್ಕೆ ನೀರಿನಂಥದ್ದು ಮಾತ್ರ. ನೆಟ್ಟಗೆ ಕುಳಿತು ಒಂದೊಂದೇ ಗುಟುಕು. ಸ್ಟ್ರಾದಲ್ಲಿ ಗಾಳಿಯೂ ಒಳಗೆ ಹೋಗುತ್ತದೆ, ಬೇಡ. ಸೋಡಾದ ಹೆಸರೆತ್ತಬೇಡಿ. ಹಾಗೆ ಗುಟುಕು ಗುಟುಕಾಗಿಯೇ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಬೇಕು. ನಾನು ತಲೆಯಾಡಿಸಿದೆ. ಊಟ ಬಿಡುವುದಕ್ಕೆ ಹೆದರಿದ್ದೆನೇ ಹೊರತು, ಕುಡಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಹೆಂಡತಿ ವಿನುತಾ ಶಾಲೆಯಲ್ಲಿ ಟೀಚರ್. ಅವಳು ಕೆಲಸಕ್ಕೆ ಹೋದಾಗ ನನ್ನನ್ನು ನೋಡಿಕೊಳ್ಳಲು ಬಜಗೋಳಿಯಿಂದ ಅವಳ ತಾಯಿ ಬಂದರು. ನಾನು ಅವರನ್ನು ಮಾಮಿ ಎನ್ನುತ್ತೇನೆ. ಮದುವೆಯಾಗಿ ಹದಿನೆಂಟು ವರ್ಷವಾದರೂ "ಊಟ ಆಯಿತಾ", "ಬಸ್ಸು ಸಿಕ್ಕಿತಾ" ಬಿಟ್ಟರೆ ನಮ್ಮಿಬ್ಬರ ನಡುವೆ ಮಾತು ನಡೆದದ್ದಿಲ್ಲ. ಊರಿಗೆಲ್ಲ ಕೇಳುವ ನನ್ನ ಬಾಯಿ ಅವರೆದುರು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಮೊದಲ ಬೆಳಿಗ್ಗೆಯೇ ವಿಪರೀತ ಬಾಯಾರಿಕೆ. ಮಾಮಿ ಅಂಗಳದಲ್ಲಿದ್ದರು. ಅರ್ಧ ಲೋಟ ನೀರನ್ನು ಹಳೆಯ ರೂಢಿಯಲ್ಲಿ ಗಟಗಟ ಇಳಿಸಿದೆ. ಎದೆಯ ನಡುವೆ ಕಲ್ಲು ಸಿಕ್ಕಿಹಾಕಿಕೊಂಡಂತಾಯಿತು. ಮೈಯೆಲ್ಲ ಬೆವರು, ಬಾಯಿ ತುಂಬ ನೊರೆ, ಕುಡಿದದ್ದೆಲ್ಲ ಬೇಸಿನ್ನಿಗೆ. ಆಮೇಲೆ ಲೋಟ ಕಂಡರೇ ಭಯ. ಮಧ್ಯಾಹ್ನದವರೆಗೂ ಒಂದು ಹನಿ ಮುಟ್ಟಲಿಲ್ಲ. ಎದ್ದು ನಿಂತರೆ ತಲೆ ಸುತ್ತುತ್ತಿತ್ತು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಮಾಮಿ ನನ್ನಿಂದ ಆಸ್ಪತ್ರೆಗೆ ಫೋನ್ ಮಾಡಿಸಿದರು. ಜ್ವರವಿಲ್ಲ, ಈಗ ನೋವಿಲ್ಲ ಎಂದು ಕೇಳಿಕೊಂಡ ಸಿಸ್ಟರ್, "ನಿಧಾನಕ್ಕೆ ಸುರು ಮಾಡಿ. ಐದು ಗಂಟೆಯೊಳಗೆ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಹೊರಟು ಬನ್ನಿ, ಡ್ರಿಪ್ ಹಾಕಬೇಕಾಗುತ್ತದೆ" ಎಂದರು.

ಮಾಮಿ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಉಗುರುಬೆಚ್ಚಗೆ ಮಾಡಿ ಒಂದು ಬಾಟಲಿಗೆ ತುಂಬಿಸಿ ತಂದರು. ಜೊತೆಗೆ ಕೆಮ್ಮಿನ ಔಷಧಿಯ ಅಳತೆಯ ಮುಚ್ಚಳ. ಅದಕ್ಕೆ ಸ್ವಲ್ಪವೇ ಬಗ್ಗಿಸಿ ನನ್ನ ಮುಂದೆ ಹಿಡಿದರು.

"ಬೇಡ ಮಾಮಿ. ಒಂದೂವರೆ ಲೀಟರ್ ನನ್ನಿಂದ ಆಗಲಿಕ್ಕಿಲ್ಲ."

"ಒಂದೂವರೆ ಲೀಟರ್ ಈಗ ಯಾರು ಕುಡಿಯಲಿಕ್ಕೆ ಹೇಳಿದ್ದು? ನಾನು ಮೂವತ್ತು ವರ್ಷ ಬೀಡಿ ಕಟ್ಟಿದವಳು. ಸಾವಿರ ಕಟ್ಟಬೇಕೆಂದು ಗ್ರಹಿಸಿದರೆ ಕೈಯೇ ಏಳುವುದಿಲ್ಲ. ಕೈಯಲ್ಲಿರುವುದು ಒಂದೇ ಎಲೆ ಅಲ್ವಾ? ಅದನ್ನು ಸುತ್ತುವುದು."

ಅಷ್ಟು ಉದ್ದದ ಮಾತನ್ನು ನಾನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಗುಟುಕನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದೆ. ಅದು ಇಳಿಯುವ ದಾರಿಯೆಲ್ಲ ನನಗೆ ಗೊತ್ತಾಗುತ್ತಿತ್ತು.

"ಎಂತ ಗೊಣಗುವುದು ನೀವು?" ಎಂದರು ಮಾಮಿ.

"ಕಾಮೆಂಟ್ರಿ ಮಾಮಿ. ಅಭ್ಯಾಸ."

"ನನಗೂ ಕೇಳುವ ಹಾಗೆ ಹೇಳಿ. ನಿಮ್ಮದನ್ನು ನಾನು ಒಮ್ಮೆಯೂ ಕೇಳಿದ್ದಿಲ್ಲ."

ಹೊಲಿಗೆ ಎಳೆಯುತ್ತಿದ್ದುದರಿಂದ ಪಿಸುದನಿಯಲ್ಲೇ ಹೇಳಿದೆ. "ಗಂಜಿಯ ತಿಳಿಯಿಂದ ಉತ್ತಮ ಸರ್ವಿಸ್. ಗಂಟಲು ದಾಟಿದೆ. ಎದೆಯ ಬಳಿ ತಡೆಯಲು ಎದುರಾಳಿ ಮೇಲಕ್ಕೆ ಹಾರಿದ್ದಾರೆ. ಇಲ್ಲ, ತಡೆಯಲಾಗಲಿಲ್ಲ ಸ್ನೇಹಿತರೇ, ಪಾಯಿಂಟ್." ಮಾಮಿ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ಇನ್ನೊಂದು ಗುಟುಕು, ಇನ್ನೊಂದು ವಿವರಣೆ. ಪ್ರತಿ ಗುಟುಕಿಗೂ ವರದಿ ಒಪ್ಪಿಸಬೇಕಾದ್ದರಿಂದ ಗುಟುಕು ಗುಟುಕಿನ ನಡುವೆ ತಾನಾಗಿ ಬಿಡುವು ಬಿತ್ತು, ಗಟಗಟ ಕುಡಿಯುವ ಆತುರವೇ ಹೋಯಿತು. ಹೊಟ್ಟೆ ಬಿಗಿಯಿತೆಂದು ನಾನು ಕೈ ಎತ್ತಿದರೆ, ಆಟದ ಗಂಧಗಾಳಿಯಿಲ್ಲದ ಮಾಮಿ "ಟೈಮ್ ಔಟ್" ಎನ್ನತೊಡಗಿದರು. ಗಂಜಿಯ ತಿಳಿ ಸಾಕೆನಿಸಿದಾಗ ಜೀರಿಗೆ ನೀರನ್ನು ಬದಲಿ ಆಟಗಾರನಾಗಿ ಇಳಿಸಿದರು. ಮೂರು ಗಂಟೆಯ ಹೊತ್ತಿಗೆ ನನಗೆ ತಲೆಸುತ್ತು ಮರೆತೇಹೋಗಿತ್ತು. ಯಾವ ಫೈನಲ್ಲಿನಲ್ಲೂ ನಾನು ಹಾಗೆ ಮುಳುಗಿರಲಿಲ್ಲ.

ಐದಕ್ಕೆ ಮಾಮಿಯೇ ಫೋನ್ ಹಿಡಿದರು. "ಸಿಸ್ಟರ್, ಅರ್ಧ ಲೀಟರಿನ ಬಾಟಲಿ ಮುಗಿಯಲಿಕ್ಕೆ ಬಂತು. ಒಂದು ಗುಟುಕೂ ವಾಪಸು ಬರಲಿಲ್ಲ."

"ಹಾಗಾದರೆ ಬರುವುದು ಬೇಡ, ಹೀಗೇ ಕುಡಿಯುತ್ತಾ ಇರಲಿ" ಎಂದಿತು ಫೋನು.

ಆಗಲೇ ಶಾಲೆಯಿಂದ ಬಂದ ವಿನುತಾ ನನ್ನ ಕಣ್ಣಲ್ಲಿ ನೀರು ಕಂಡು ಬಾಗಿಲಲ್ಲೇ ನಿಂತಳು. "ಅಮ್ಮ, ಎಂತ ಆಯಿತು ಇವರಿಗೆ?"

"ಗೆದ್ದೆವು" ಎಂದರು ಮಾಮಿ.

ಅಂದಿನಿಂದ ಒಂದೂವರೆ ವರ್ಷ. ಐವತ್ತು ಕೆಜಿ ಇಳಿದಿದ್ದೇನೆ. ಮೊನ್ನೆ ಕಟಪಾಡಿಯಲ್ಲಿ ಬಸ್ಸು ಹತ್ತಿ ನಾನು ಹೋದದ್ದು ಬಜಗೋಳಿಯ ಒಂದು ಪಂದ್ಯಕ್ಕೆ. ಐದು ಸೆಟ್, ಎರಡೂವರೆ ಗಂಟೆ, ನಿಂತುಕೊಂಡೇ ಮಾತಾಡಿದೆ, ಒಂದು ಸಲವೂ ಉಸಿರು ತಪ್ಪಲಿಲ್ಲ. ಮಾಮಿ ಜನ್ಮದಲ್ಲಿ ಮೊದಲ ಬಾರಿ ಪಂದ್ಯಕ್ಕೆ ಬಂದು, ಹೊಸ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಜನ ಕೈಕುಲುಕಿ ಹೊಗಳುತ್ತಿದ್ದರೂ ನಾನು ನೇರ ಅವರ ಬಳಿಗೆ ಹೋದೆ.

"ಹೇಗಾಯಿತು ಮಾಮಿ?"



"ಒಳ್ಳೆಯದಾಯಿತು. ಆದರೆ ಆ ದಿನ ನನ್ನೊಬ್ಬಳಿಗೆ ಹೇಳಿದಿರಲ್ಲ, ಅದು ಇದಕ್ಕಿಂತ ಚಂದ ಇತ್ತು."